ಪರೇಲಿನಲ್ಲಿ ನನ್ನ ಹೃದಯದ ಪಂಚಾಯಿತಿ

ಒಬ್ಬನೇ ಮನುಷ್ಯನ ಒಂದೇ ಹೃದಯದ ಬಗ್ಗೆ ಇಬ್ಬರು ಡಾಕ್ಟರುಗಳು ಎರಡು ಮಾತು ಹೇಳಿದರೆ ಅವರಲ್ಲೊಬ್ಬ ಸುಳ್ಳುಗಾರ. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುವವನಿಗೆ ಸುಳ್ಳುಗಾರರನ್ನು ಹಿಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅಡುಗೆಭಟ್ಟ "ದೋಸೆ ಆಗಲೇ ಕೊಟ್ಟಾಯ್ತು" ಎನ್ನುತ್ತಾನೆ, ಮಾಣಿ "ಕೊಡಲೇ ಇಲ್ಲ" ಎನ್ನುತ್ತಾನೆ. ಇಬ್ಬರನ್ನೂ ಗಲ್ಲಾದ ಮುಂದೆ ಎದುರುಬದುರು ನಿಲ್ಲಿಸುವುದು, ಸತ್ಯ ತಾನಾಗಿ ಹೊರಬೀಳುವುದು! ನಮ್ಮ ಉಡುಪಿ ಕಡೆಯವರ ಹೋಟೆಲುಗಳಲ್ಲಿ ನ್ಯಾಯ ತೀರುವುದೇ ಹೀಗೆ.

ಮೊದಲನೆಯ ಆರೋಪಿ ನಮ್ಮ ಪೈ ಡಾಕ್ಟರು. ಬೀದಿಯ ತುದಿಯಲ್ಲಿ ದವಾಖಾನೆ ಇಟ್ಟುಕೊಂಡು, ದಿನಾ ನಮ್ಮಲ್ಲೇ ಇಡ್ಲಿ ತಿನ್ನುವ ಮನುಷ್ಯ. ಎದೆ ಡವಗುಟ್ಟುತ್ತದೆ ಎಂದು ಹೋದರೆ ಕೈ ಹಿಡಿದು ನೋಡಿ, "ಶೆಟ್ರೇ, ನಾಡಿ ಲಗಾಮಿಲ್ಲದೆ ಓಡ್ತಾ ಉಂಟು" ಎಂದು ಓಟ ತಗ್ಗಿಸುವ ಮಾತ್ರೆ ಕೊಟ್ಟರು. ಸರಿ, ನುಂಗಿದೆ. ಒಂದು ಮಧ್ಯಾಹ್ನ, ಊಟದ ಗದ್ದಲದಲ್ಲಿ, ಮಾಣಿ ಸುಧಾಕರನನ್ನು ಬೈಯುತ್ತಿದ್ದವನು ಬೈಗುಳ ಮುಗಿಯುವ ಮೊದಲೇ ಕುರ್ಚಿಯಿಂದ ಕೆಳಗೆ ಬಿದ್ದೆ! ಪರೇಲಿನ ಒಂದು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅಲ್ಲಿದ್ದ ಮರಾಠಿ ಡಾಕ್ಟರು ಎರಡನೆಯ ಆರೋಪಿ. "ನಾಡಿ ಬಹುತ್ ಸ್ಲೋ ಹೈ, ಶೇಠ್. ಗೋಲಿ ಬಂದ್ ಕರೋ" ಎಂದರು. ನಾಡಿ ತೀರಾ ನಿಧಾನವಂತೆ, ಮಾತ್ರೆ ನಿಲ್ಲಿಸಬೇಕಂತೆ!

ನನಗೆ ಮೈಯೆಲ್ಲ ಉರಿಯಿತು. ಒಬ್ಬ ಓಡುತ್ತದೆ ಎನ್ನುತ್ತಾನೆ, ಇನ್ನೊಬ್ಬ ತೆವಳುತ್ತದೆ ಎನ್ನುತ್ತಾನೆ! ಮಾತ್ರೆ ಬಿಟ್ಟರೆ ಎದೆಯೊಳಗೆ ಡೋಲು, ನುಂಗಿದರೆ ಕಣ್ಣಿಗೆ ಕತ್ತಲೆ. ಇದಕ್ಕೆಲ್ಲ ಓದಿ ಬೇರೆ ಬರಬೇಕಂತೆ!

ಮನೆಯಲ್ಲಿ ಹೆಂಡತಿ ಶಾರದೆಯ ತೀರ್ಪು ಬೇರೆಯೇ ಇತ್ತು. "ಇನ್ನೊಂದು ಸಲ ಬಿದ್ರೆ ನೀವು ಗಲ್ಲಾದಲ್ಲಿ ಕೂರೂದು ಬೇಡ. ವಾಸು ಕೂರ್ತಾನೆ."

ವಾಸು ಎಂದರೆ ಅವಳ ತಮ್ಮ. ಸ್ವಂತ ಚಪ್ಪಲಿ ಯಾವುದೆಂದು ಗುರುತಿಸಲಾಗದ ಪ್ರಾಣಿ! ನನ್ನ ಅಪ್ಪ ಕೂತ ಕುರ್ಚಿಯಲ್ಲಿ ಅವನು!

"ನನ್ನ ಹೆಣ ಬಿದ್ದ ಮೇಲೆ ಕೂರ್ಲಿ!" ಎಂದು ಅಬ್ಬರಿಸಿದೆ.

"ಅದು ಬೀಳೂದು ಬೇಡ ಅಂತಲೇ ನಾನು ಹೇಳೂದು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನನ್ನ ಕೋಪ ಇನ್ನೂ ಏರಿತು.

ಮರುದಿನ ಬೆಳಿಗ್ಗೆ ಪೈ ಡಾಕ್ಟರು ಎರಡನೇ ಇಡ್ಲಿಗೆ ಕೈ ಹಾಕಿದ್ದರು. ರಟ್ಟೆ ಹಿಡಿದು ಎಬ್ಬಿಸಿ ಟ್ಯಾಕ್ಸಿಗೆ ನೂಕಿದೆ.

"ಕೈ ತೊಳೀಲಿಕ್ಕಾದ್ರೂ ಬಿಡಿ ಮಾರಾಯ್ರೆ!"

"ಪರೇಲಿನಲ್ಲಿ ತೊಳೀರಿ!"

ಶಾರದೆ ಬೇಡಬೇಡವೆನ್ನುತ್ತಲೇ ಹಿಂದಿನ ಸೀಟಿಗೆ ಹತ್ತಿದಳು. ಆಸ್ಪತ್ರೆಯಲ್ಲಿ ಇಬ್ಬರು ಡಾಕ್ಟರುಗಳನ್ನೂ ಎದುರುಬದುರು ನಿಲ್ಲಿಸಿ ವಿಚಾರಣೆ ಆರಂಭಿಸಿದೆ. "ಈಗ ಹೇಳಿ! ಓಡ್ತದಾ, ತೆವಳ್ತದಾ?" ಮರಾಠಿ ಡಾಕ್ಟರು ಉತ್ತರ ಕೊಡುವ ಬದಲು ನನ್ನನ್ನೇ ಮಂಚದ ಮೇಲೆ ಮಲಗಿಸಿ ಕೈಕಾಲಿಗೆ ವಯರು ಕಟ್ಟಿಸಿದರು. ನ್ಯಾಯಾಧೀಶರು ಮಲಗಿಕೊಂಡೇ ವಿಚಾರಣೆ ಮುಂದುವರಿಸಿದರು. ಕಿರುಚಿದ ಹಾಗೆಲ್ಲ ಎದೆಯ ಡೋಲು ಜೋರಾಯಿತು. ಯಂತ್ರದಿಂದ ಕಾಗದದ ಪಟ್ಟಿ ಸರಸರನೆ ಇಳಿಯಿತು.

"ನೋಡಿ, ಓಡ್ತಾ ಉಂಟು!" ಎಂದರು ಪೈ.

"ಹಾಗಾದ್ರೆ ಸುಳ್ಳುಗಾರ ನೀವು!" ಎಂದು ಮರಾಠಿ ಡಾಕ್ಟರ ಮೂಗಿಗೆ ಬೆರಳು ತೋರಿಸಿದೆ. ಅದೇ ಹೊತ್ತಿಗೆ ಡೋಲು ಥಟ್ಟನೆ ನಿಂತಿತು. ಒಂದು ಕ್ಷಣ ಹಾಯೆನಿಸಿತು. ಆಮೇಲೆ ಏನೂ ಅನಿಸಲಿಲ್ಲ.

ಕಣ್ಣು ಬಿಟ್ಟಾಗ ಶಾರದೆ ನನ್ನ ಕಾಲು ಹಿಡಿದು ಅಳುತ್ತಿದ್ದಳು. ಆರೋಪಿಗಳಿಬ್ಬರೂ ತಲೆಗೆ ತಲೆ ತಾಗಿಸಿಕೊಂಡು, ಹೊಸ ಮೊಮ್ಮಗನ ಮುಖ ನೋಡುವವರ ಹಾಗೆ ಆ ಕಾಗದವನ್ನು ನೋಡುತ್ತಿದ್ದರು. ಓಟ ನಿಂತ ಕೂಡಲೇ ಒಂದು ಉದ್ದನೆಯ ಗೆರೆ, ಅದರಲ್ಲಿ ಬಡಿತವೇ ಇಲ್ಲ!

"ಯಾರು ಸುಳ್ಳು?" ಎಂದು ಮಲಗಿದಲ್ಲಿಂದಲೇ ಕೇಳಿದೆ.

"ಯಾರೂ ಅಲ್ಲ ಶೆಟ್ರೇ" ಎಂದರು ಪೈ. "ಹೃದಯಕ್ಕೆ ತಾಳ ಹಾಕ್ಲಿಕ್ಕೆ ಒಂದು ಸಣ್ಣ ಗಂಟು ಉಂಟು. ನಿಮ್ಮದು ಸೋತಿದೆ. ಅದು ಸೋತಲ್ಲಿ ಹೃದಯದ ಮೇಲಿನ ಕೋಣೆಗಳು ಸಿಕ್ಕಾಬಟ್ಟೆ ನಡುಗ್ತವೆ, ನಾಡಿ ಓಡ್ತದೆ. ಆ ನಡುಕದಿಂದ ಗಂಟು ಮತ್ತೂ ಸೋಲ್ತದೆ. ನಡುಕ ನಿಂತಾಗ ಅದಕ್ಕೆ ಕೂಡಲೇ ಏಳ್ಲಿಕ್ಕೆ ಆಗೂದಿಲ್ಲ. ಅದು ಏಳುವವರೆಗೆ ನೀವು ಬಿದ್ದಿರ್ತೀರಿ. ಓಡೂದೂ ತೆವಳೂದೂ ಒಂದೇ ಕಾಯಿಲೆ."

"ಮತ್ತೆ ನಿಮ್ಮ ಮಾತ್ರೆ?"

"ಅದು ಗಂಟನ್ನು ಇನ್ನಷ್ಟು ಮಲಗಿಸಿತು" ಎಂದು ಪೈ ತಲೆ ತಗ್ಗಿಸಿದರು. "ಮೊದಲು ಗಂಟಿನ ಬದಲು ತಾಳ ಹಾಕ್ಲಿಕ್ಕೆ ಒಂದು ಬ್ಯಾಟರಿ ಹಾಕ್ಬೇಕು, ಆಮೇಲೆ ಮಾತ್ರೆ."

"ಬ್ಯಾಟರಿ! ನಾನೇನು ಟ್ರಾನ್ಸಿಸ್ಟರಾ?"

"ಶೇಠ್, ಚಿಲ್ಲಾವ್ ಮತ್. ಫಿರ್ ಗಿರೋಗೆ" ಎಂದರು ಮರಾಠಿ ಡಾಕ್ಟರು. ಕಿರುಚಿದರೆ ಮತ್ತೆ ಬೀಳುತ್ತೇನಂತೆ!

ಶಾರದೆ ಕಣ್ಣೊರೆಸಿಕೊಂಡು ಎದ್ದಳು. "ಹಾಕಿ ಡಾಕ್ಟ್ರೇ. ಇವರ ಹತ್ರ ಎಂತ ಕೇಳೂದು?" ಪಂಚಾಯಿತಿ ಅಲ್ಲಿಗೆ ಬರಖಾಸ್ತು!

ಹಾಕಿದರು. ಭುಜದ ಕೆಳಗೆ, ಚರ್ಮದೊಳಗೆ, ಸಾಬೂನಿನ ಬಿಲ್ಲೆಯಷ್ಟು ದಪ್ಪದ್ದು. ಇನ್ನು ಬೀಳುವ ಭಯವಿಲ್ಲ, ಗಲ್ಲಾದಲ್ಲಿ ಕೂರಬಹುದು ಎಂದು ಇಬ್ಬರು ಡಾಕ್ಟರುಗಳೂ ಒಂದೇ ಬಾಯಲ್ಲಿ ಹೇಳಿದರು. ನಾನು ಹೋಟೆಲಿಗೆ ಬಂದೆ. ವಾಸು ಎದ್ದು ಕುರ್ಚಿ ಬಿಟ್ಟುಕೊಟ್ಟ. ಗೆದ್ದೆ! ಆ ಸಂತೋಷಕ್ಕೆ ಮೊದಲನೆಯ ಗರ್ಜನೆ ಹೊರಟಿತು.

"ಏಯ್ ಸುಧಾಕರಾ! ಆ ಟೇಬಲ್ ಒರೆಸೂದು ಯಾರು, ನಿನ್ನ ಅಜ್ಜನಾ?"

"ಸ್ವಲ್ಪ ನಿಲ್ಲಿ ಧಣಿ, ಕೈ ಖಾಲಿ ಇಲ್ಲ" ಎಂದ ಅವನು. ತಿರುಗಿಯೂ ನೋಡಲಿಲ್ಲ! ಒಳಗೆ ಭಟ್ಟ ನಕ್ಕದ್ದು ಕೇಳಿಸಿತು. ಹಿಂದೆ ನಾನು ದನಿ ಎತ್ತಿದರೆ ಇಡೀ ಹೋಟೆಲು ಉಸಿರು ಬಿಗಿಹಿಡಿಯುತ್ತಿತ್ತು. ಮತ್ತೊಮ್ಮೆ ಗರ್ಜಿಸಿದೆ. ಗಿರಾಕಿಯೊಬ್ಬ ನನ್ನ ಮುಖ ನೋಡಿ ಚಟ್ನಿ ಕೇಳಿದ.

"ಇವರಿಗೆಲ್ಲ ಎಂತ ಆಗಿದೆ? ಯಾರಿಗೂ ನನ್ನ ಹೆದರಿಕೆಯೇ ಇಲ್ಲ!" ಎಂದು ವಾಸುವನ್ನು ಹಿಡಿದು ಕೇಳಿದೆ.

"ಹೆದರಿಕೆ ಇತ್ತು ಭಾವ" ಎಂದ ವಾಸು, ಬಹಳ ಮರ್ಯಾದೆಯಿಂದ. "ಬೈತಾ ಬೈತಾ ಎದೆ ಹಿಡ್ಕೊಳ್ತಿದ್ರಲ್ಲ, ಎಲ್ಲಿ ಸತ್ತೇ ಹೋಗ್ತೀರೋ ಅಂತ. ಅದಕ್ಕೇ ಎಲ್ರೂ ಸುಮ್ಮನಾಗ್ತಿದ್ರು. ಈಗ ಬ್ಯಾಟರಿ ಉಂಟಲ್ಲ, ಬೈದುಕೊಳ್ಳಿ."

ನಾಡಿ ಮುಟ್ಟಿ ನೋಡಿಕೊಂಡರೆ ಅದು ತನ್ನ ಪಾಡಿಗೆ ಸಾವಕಾಶವಾಗಿ ನಡೆಯುತ್ತಿತ್ತು. ನನ್ನ ಕೋಪಕ್ಕೆ ಅದೂ ಕವಡೆ ಕಿಮ್ಮತ್ತು ಕೊಡಲಿಲ್ಲ! ಅಪ್ಪನ ಕುರ್ಚಿಯಲ್ಲಿ ಕೂತುಕೊಂಡು, ಸುಧಾಕರನ ಕೈ ಖಾಲಿಯಾಗುವುದನ್ನು ಕಾಯತೊಡಗಿದೆ.