ಗಡಿಯಾರಕ್ಕೆ ಅವಸರ ಕಲಿಸಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಮನುಷ್ಯರಿಗಿಂತ ಒಂದು ಹಳೆಯ ಕಂಪ್ಯೂಟರಿನ ಮೇಲೆ ಪ್ರೀತಿ ಹೆಚ್ಚು ಎಂದರೆ ನೀವು ನಗುತ್ತೀರಿ. ನಗಿ! ತಮಿಳು ಸೀಮೆಯ ನಮ್ಮೂರು ಓಡೈಪಟ್ಟಿಯಲ್ಲಿ ಅವರ ಪಕ್ಕದ ಮನೆಯಲ್ಲಿ ಬಾಳಿದ್ದರೆ ನಿಮಗೆ ನಗು ಬರುತ್ತಿರಲಿಲ್ಲ.

ನಮ್ಮ ಬೀದಿಗೆಲ್ಲ ಇಂಟರ್ನೆಟ್ ಹಂಚುವುದು ಆ ಪೆಟ್ಟಿಗೆಯೇ. ಪಾಲುಬಾವಿಯ ನೀರನ್ನು ದ್ರಾಕ್ಷಿತೋಟಗಳಿಗೆ ಸರದಿಯಂತೆ ಬಿಡುತ್ತಾರಲ್ಲ, ನಮ್ಮವರು ಅದಕ್ಕೆ ಮೊರೆ ಎನ್ನುತ್ತಾರೆ, ಚಿಕ್ಕಪ್ಪನದೂ ಅದೇ ಲೆಕ್ಕ. ಅಣ್ಣನ ಮಗಳೆಂಬ ದಾಕ್ಷಿಣ್ಯವೂ ಇಲ್ಲ! ನಾನೋ ಚಿನ್ನಾಳಪಟ್ಟಿ ಸೀರೆಗಳನ್ನು ವಿಡಿಯೋದಲ್ಲಿ ತೋರಿಸಿ ಮಾರುವವಳು. ಸೆರಗು ಹರವುವ ಹೊತ್ತಿಗೇ ಚಿತ್ರ ನಿಂತುಬಿಡುತ್ತಿತ್ತು.

"ಚಿಕ್ಕಪ್ಪಾ, ಲೈನು ನಿಂತು ನಿಂತು ತಿಕ್ತೈತೆ, ನನ್ನ ಯಾವಾರ ಕೆಡ್ತೈತೆ" ಎಂದೆ.

"ಕೊಂಚ ತಾಳು, ಪೊರುತ್ಕೋ ಕಣ್ಣೂ. ಪೆಟ್ಟಿ ಒಳಗಿರೋ ಗಡಿಯಾರ ಸೆಕೆಂಡಿಗೆ ನೂರೇ ದಪ ಎದ್ದು ತೂಬು ನೋಡ್ತದೆ. ಅದ್ಕೇ ಲೈನು ಒಟ್ಟಿಗೇ ನುಗ್ಗಿ ನಿಂತೋಗ್ತದೆ. ಸಾವಿರ ದಪ ಏಳೋಹಂಗೆ ಮಾಡ್ತೀನಿ, ಸಣ್ಣಗೆ ಸಮವಾಗಿ ಹರೀತದೆ."

ಅದಕ್ಕೆ ಕಂಪ್ಯೂಟರಿನ ಕರ್ನಲ್ಲನ್ನೇ, ಅಂದರೆ ಅದರ ಮೂಲ ತಂತ್ರಾಂಶವನ್ನೇ, ಹೊಸದಾಗಿ ಕಟ್ಟಬೇಕಂತೆ. ಮುದಿ ಪೆಟ್ಟಿಗೆ ದಿನವಿಡೀ ಕಟ್ಟಿತು; ಬೀದಿಗೆಲ್ಲ ಇಂಟರ್ನೆಟ್ ಬಂದ್. ಅದೂ ದೀಪಾವಳಿಗೆ ಮುಂಚಿನ ವಾರ! ಕಟ್ಟಿದ ಮೇಲಾದರೂ ಎದ್ದಿತೇ? ಇಲ್ಲ. ಮತ್ತೆ ಕಟ್ಟಿದರು. ಕೊನೆಗೆ ಲೈನು ನಯವಾಯಿತು, ನಿಜ. ಅಷ್ಟರಲ್ಲಿ ನನ್ನ ಗಿರಾಕಿಗಳೆಲ್ಲ ಬೇರೆಯವರ ಪಾಲಾಗಿದ್ದರು.

ಸಾವಿರ ಸಲ ಏಳುವ ದುಡಿಮೆಗೆ ಪೆಟ್ಟಿಗೆ ಕಾದ ಹಂಚಾಯಿತು. ಮನೆಯಲ್ಲಿದ್ದ ಒಂದೇ ಫ್ಯಾನು ಚಿಕ್ಕಮ್ಮನ ಕಡೆಯಿಂದ ಅದರ ಕಡೆಗೆ ತಿರುಗಿತು! ಚಿಕ್ಕಮ್ಮನಿಗೆ ವರ್ಷಗಳಿಂದ ಕಿವಿ ಕೇಳುತ್ತಿರಲಿಲ್ಲ. ಇಂಥ ಗಂಡನ ಬಾಯಿಗೆ ಅದು ದೇವರು ಕೊಟ್ಟ ವರವೆಂದು ನಾವು ಆಡಿಕೊಳ್ಳುತ್ತಿದ್ದೆವು. ಬೆಳಗಾದರೆ ಫೋನಿನಲ್ಲಿ ನಿಲಕ್ಕೋಟ್ಟೈಯಲ್ಲಿರುವ ತಂಗಿಯ ಮುಖ ನೋಡುತ್ತ ಕೂರುವುದೊಂದೇ ಅವರಿಗಿದ್ದ ಸುಖ.

"ಚಿಕ್ಕಮ್ಮ ಬೇಯ್ತಾವ್ರೆ, ನಿಮ್ಗೆ ಪೆಟ್ಟಿ ದೊಡ್ಡದಾ?" ಎಂದು ಜಗಳಕ್ಕೆ ನಿಂತೆ.

"ಸುಮ್ಮಾ ಇರು. ಪೆಟ್ಟಿ ನಿಂತ್ರೆ ಅವಳೇ ನನ್ನ ಬುಡಾಕಿಲ್ಲ."

ಸುಳ್ಳಿಗೂ ಒಂದು ಮಿತಿ ಬೇಡವೇ!

ಈ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಚಿಕ್ಕಮ್ಮ ತೀರಿಕೊಂಡರು. ಕಾರ್ಯ ಮುಗಿದ ಮೇಲೆ ಲೈನು ಮತ್ತೆ ಮುಗ್ಗರಿಸತೊಡಗಿತು. ಮೈಯೆಲ್ಲ ಉರಿದು ಸೀದಾ ಅವರ ಮನೆಗೆ ನುಗ್ಗಿದೆ. ಫ್ಯಾನು ಮೂಲೆಯಲ್ಲಿತ್ತು. ಪೆಟ್ಟಿಗೆ ತಣ್ಣಗಿತ್ತು.

"ಮತ್ತೆ ನೂರಕ್ಕೇ ಇಳಿಸಿದ್ರಾ? ಯಾಕೆ?"

ಚಿಕ್ಕಪ್ಪ ನನ್ನ ಮುಖ ನೋಡಲಿಲ್ಲ.

"ಅವಳು ತಂಗಿ ತುಟಿ ನೋಡೇ ಮಾತು ತಿಳ್ಕೊಂತಿದ್ದಳು ಕಣ್ಣೂ. ಚಿತ್ರ ಕೊಂಚ ನಿಂತ್ರೂ ಮಾತು ತಪ್ಪೋಗ್ತಿತ್ತು. ಫೋನು ಮಡಗಿ ಅಳ್ತಿದ್ದಳು. ಇನ್ನು ಯಾರ್ಕಾಗಿ ಅದು ಸಾವಿರ ದಪ ಏಳ್ಬೇಕು?"

ಮೂಲೆಯಲ್ಲಿದ್ದ ಫ್ಯಾನು ತಂದು, ಚಿಕ್ಕಪ್ಪನ ಕಡೆಗೆ ತಿರುಗಿಸಿ ಹಾಕಿದೆ.