ಅಮಾವಾಸ್ಯೆಯ ಮರುದಿನದ ಪ್ರಿಂಟರುಗಳು

ಬಿಲ್ ಪ್ರಿಂಟರ್ ರಿಪೇರಿ ಮಾಡುವವನು ತಮಾಷೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಫೋನ್ ಮಾಡಿ ಕರೆಯುತ್ತವೆ, ಅದೂ ನಾನು ತಾಟಿನ ಮುಂದೆ ಕುಳಿತಾಗ.

ನನ್ನೂರು ರೋಣ. ರೋಣ, ನರಗುಂದ, ಗಜೇಂದ್ರಗಡದ ಅಂಗಡಿಗಳಲ್ಲಿ ಬಿಲ್ಲು ಹೊಡೆಯುವ ಸಣ್ಣ ಯಂತ್ರ ಕೈಕೊಟ್ಟರೆ ಬೈಕ್ ಹತ್ತಿ ಓಡುವವನು ನಾನು. ಯಂತ್ರ ಕೆಡುವುದು ಕಡಿಮೆ. ಕಂಪ್ಯೂಟರಿಗೂ ಅದಕ್ಕೂ ಇರುವ ಸಂಪರ್ಕ ತಪ್ಪುವುದೇ ಹೆಚ್ಚು, ಅದರಲ್ಲೂ ಅಮಾವಾಸ್ಯೆಯ ಮರುದಿನ. ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ ತೊಳೆಯುತ್ತಾರೆ, ಎಲ್ಲವನ್ನೂ ಕಿತ್ತು ಒರೆಸುತ್ತಾರೆ, ತಕ್ಕಡಿಯಿಂದ ಹಿಡಿದು ಕ್ಯಾಲ್ಕುಲೇಟರಿನವರೆಗೆ ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಆಮೇಲೆ ಕಿತ್ತ ವೈರುಗಳನ್ನು ಸಿಕ್ಕ ತೂತಿಗೆ ತುರುಕುತ್ತಾರೆ. ಮರುದಿನ ಮೊದಲ ಗಿರಾಕಿ ಬರುತ್ತಾನೆ, ಬಿಲ್ಲು ಬರುವುದಿಲ್ಲ, ನನ್ನ ಫೋನು ಬಡಿದುಕೊಳ್ಳಲು ಶುರುಮಾಡುತ್ತದೆ.

ಈ ಸಲ ಎಳ್ಳಮಾವಾಸ್ಯೆಯ ಮರುದಿನವೇ ಮಗಳ ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಬಂತು. ಸಂಜೆ ಐದಕ್ಕೆ. ಅವಳು ನಾಲ್ಕನೇ ತರಗತಿ, ಸ್ವಾಗತ ಭಾಷಣ ಅವಳದೇ. ಹಿಂದಿನ ಎರಡು ವರ್ಷ ನಾನು ಶಾಲೆ ಮುಟ್ಟುವ ಹೊತ್ತಿಗೆ ಕುರ್ಚಿ ಎತ್ತಿಡುತ್ತಿದ್ದರು. ಎರಡು ಸಲವೂ ಅತ್ತಿದ್ದಳು. ಈ ಸಲ ಅಳಲಿಲ್ಲ. ಜಡೆ ಹಾಕಿಸಿಕೊಳ್ಳುತ್ತ ತಣ್ಣಗೆ ಹೇಳಿದಳು, "ಅಪ್ಪಾ, ಈ ಸಲಾನೂ ಬರಲಿಲ್ಲಂದ್ರ ಮುಂದಿನ ವರ್ಷ ನಿನಗ ಹೇಳೂದ ಇಲ್ಲ."

ಅತ್ತಿದ್ದರೆ ವಾಸಿಯಿತ್ತು. ಈ ಮಾತಿಗೆ ನನಗೆ ನಿಜವಾಗಿ ಹೆದರಿಕೆಯಾಯಿತು. "ಐದಕ್ಕಲ್ಲ, ಪಾವಕಮ್ಮಿ ಐದಕ್ಕ ಬಂದು ಕುಂತಿರ್ತೀನಿ" ಎಂದೆ. ಹೇಳಿ ಬಾಯಿ ಮುಚ್ಚುವುದರೊಳಗೆ ಗಜೇಂದ್ರಗಡದಿಂದ ಫೋನು.

೧. ಪೂರ್ವಕ್ಕೆ ಮುಖ

ಸೀರೆ ಅಂಗಡಿ. ಸಾವಕಾರರು ಬಾಗಿಲಲ್ಲೇ ನಿಂತಿದ್ದರು. "ಮಷಿನ್ ಮಾತ ಕೇಳವಲ್ದು ನೋಡ್ರಿ. ಕಂಪ್ಯೂಟರ್ ಕಳಿಸೇ ಕಳಸ್ತೈತಿ, ಇದು ತಗೊಳ್ಳವಲ್ದು."

ಒಳಗೆ ಹೋಗಿ ನೋಡಿದರೆ ಪ್ರಿಂಟರ್ ನಮಗೆ ಬೆನ್ನು ತೋರಿಸಿ, ಗೋಡೆಯ ಮೇಲಿನ ಲಕ್ಷ್ಮೀ ಫೋಟೋಕ್ಕೆ ಮುಖ ಮಾಡಿ ಕೂತಿತ್ತು. ಅದರ ವೈರು ಚೆಂದಾಗಿ ಸುತ್ತಿಕೊಂಡು, ಹಣೆಗೆ ಕುಂಕುಮ ಹಚ್ಚಿಸಿಕೊಂಡು ಫೋಟೋದ ಕೆಳಗಿತ್ತು.

"ವೈರ್ ಯಾಕ್ರಿ ತಗದ್ರಿ?"

"ಯಂತ್ರ ಪೂರ್ವಕ್ಕ ಮುಖ ಮಾಡಿರಬೇಕು ಅಂದ್ರು ವಾಸ್ತು ನೋಡಾವ್ರು. ತಿರುಗಿಸಿದ್ವಿ. ವೈರ್ ಅಲ್ಲೀತನಾ ಮುಟ್ಟಲಿಲ್ಲ. ತಗದಿಟ್ವಿ."

"ವೈರ್ ಇಲ್ಲದ ಹ್ಯಾಂಗ ನಡೀತೈತ್ರಿ ಸಾವಕಾರ್ರ?"

"ನಿಮ್ಮ ಫೋನಿಗೆ ವೈರ್ ಐತೇನು? ನಾ ಇಲ್ಲಿ ಮಾತಾಡಿದ್ದು ನಿಮಗ ರೋಣದಾಗ ಕೇಳಿಸ್ತಲ್ಲ?"

ಇದಕ್ಕೆ ಉತ್ತರ ಕೊಡುತ್ತ ಕೂತರೆ ಅಲ್ಲೇ ಸಂಜೆಯಾಗುತ್ತಿತ್ತು. ಟೇಬಲ್ಲನ್ನೇ ಸ್ವಲ್ಪ ಸರಿಸೋಣ ಎಂದೆ. ಅದರ ನಾಲ್ಕೂ ಕಾಲಿಗೆ ನಿಂಬೆಹಣ್ಣು ಇಟ್ಟಿದ್ದಾರಂತೆ, ಮುಂದಿನ ಅಮಾವಾಸ್ಯೆಯವರೆಗೆ ಮುಟ್ಟುವ ಹಾಗಿಲ್ಲ. ಸರಿ, ಉದ್ದ ವೈರು ತರಲು ಪೇಟೆಗೆ ಹೋದೆ. ಎಲೆಕ್ಟ್ರಿಕ್ ಅಂಗಡಿಯವನು ಕೀಲಿ ಹಾಕಿ ಚಹಾಕ್ಕೆ ಹೋಗಿದ್ದ. ಅವನನ್ನು ಹುಡುಕಿ ತಂದು, ವೈರು ಕೊಂಡು, ನಿಂಬೆಹಣ್ಣಿಗೆ ತಾಗದಂತೆ ಟೇಬಲ್ಲಿನ ಕೆಳಗೆ ಎಳೆಯುವ ಹೊತ್ತಿಗೆ ಹನ್ನೊಂದೂವರೆ.

ಬಿಲ್ಲು ಬಂತು. ಆದರೆ ಗೋಡೆಯ ಕಡೆಗೆ ಬಂತು. ಹರಿದುಕೊಳ್ಳಬೇಕಾದರೆ ಸಾವಕಾರರು ಎದ್ದು ಕಪಾಟನ್ನು ಸುತ್ತಿ ಹೋಗಬೇಕು.

"ದಿನಾ ಹಿಂಗ ಸುತ್ತ ಹಾಕ್ತೀರೇನ್ರಿ?" ಎಂದೆ.

ಅವರು ಫೋಟೋಕ್ಕೆ ಕೈಮುಗಿದರು. "ಬಿಲ್ಲ ಮೊದಲ ಲಕ್ಷ್ಮಿ ನೋಡ್ಲಿ, ಆಮ್ಯಾಲೆ ಗಿರಾಕಿ ನೋಡ್ಲಿ. ಅವಸರ ಏನೈತಿ?"

ಅವಸರ ಇದ್ದದ್ದು ಆ ಇಡೀ ಅಂಗಡಿಯಲ್ಲಿ ನನಗೊಬ್ಬನಿಗೇ.

೨. ಹೊರಗೆ ಗಂಡ, ಒಳಗೆ ಹೆಂಡತಿ

ಗಜೇಂದ್ರಗಡದಿಂದ ನರಗುಂದಕ್ಕೆ ಹೋಗುವ ದಾರಿಯಲ್ಲಿ ಏಳು ಸಲ ಫೋನು ಬಂತು. ಏಳೂ ಸಲ ಒಬ್ಬರೇ. ನರಗುಂದದ ಗುಡ್ಡದ ಬುಡದಲ್ಲಿರುವ ಒಂದು ಖಾನಾವಳಿಯ ಮಾಲೀಕರು. ಹಣದ ಗಲ್ಲೆಯ ಮೇಲೆ ಕೂತು ಅವರು ಗಿರಾಕಿಗೆ ಏನು ಬೇಕೆಂದು ಕಂಪ್ಯೂಟರಿನಲ್ಲಿ ಒತ್ತಿದರೆ ಅಡುಗೆಮನೆಯಲ್ಲಿರುವ ಪ್ರಿಂಟರಿನಿಂದ ಚೀಟಿ ಬರುತ್ತದೆ. ಅದನ್ನು ನೋಡಿ ಅವರ ಹೆಂಡತಿ ತಾಟು ಹಚ್ಚುತ್ತಾರೆ. ಗಲ್ಲೆಗೂ ಅಡುಗೆಮನೆಗೂ ಹತ್ತು ಹೆಜ್ಜೆ.

"ಲಗೂ ಬರ್ರಿ, ಊಟದ ಟೈಮ್ ಆತು!" ಎಂದು ಅವರು ಗೋಗರೆಯುತ್ತಿದ್ದರು.

"ನಾ ಬರೂತನಾ ಒಳಗ ಒಂದ ಮಾತ ಕೂಗಿ ಹೇಳ್ರಿ."

"ಅದೊಂದ ಆಗಂಗಿಲ್ರಿ" ಎಂದು ಫೋನು ಇಟ್ಟರು.

ಯಾಕೆ ಆಗುವುದಿಲ್ಲ ಎಂಬುದು ಅಲ್ಲಿ ಹೋದ ಮೇಲೆ ತಿಳಿಯಿತು. ಎಳ್ಳಮಾವಾಸ್ಯೆಗೆ ಹೆಂಡತಿಯ ತವರಿನ ಹೊಲಕ್ಕೆ ಚರಗ ಚೆಲ್ಲಿ ಭೂತಾಯಿಗೆ ಎಡೆ ಹಾಕಲು ಇಬ್ಬರೂ ಹೋಗಬೇಕಾಗಿತ್ತು. ಖಾನಾವಳಿ ಬಂದ್ ಮಾಡುವುದಿಲ್ಲ ಎಂದು ಇವರು ಎರಡು ದಿನ ಮೊದಲೇ ಹೇಳಿಬಿಟ್ಟಿದ್ದರು. ಅಂದಿನಿಂದ ಮಾತಿಲ್ಲ. ಚೀಟಿಯ ಮೇಲೇ ಸಂಸಾರ ನಡೆದಿತ್ತು, ಈಗ ಚೀಟಿಯೂ ನಿಂತಿತ್ತು. ಹೊರಗೆ ಹನ್ನೆರಡು ಜನ ಬರೀ ನೀರಿನ ಗ್ಲಾಸು ಮುಂದಿಟ್ಟುಕೊಂಡು ಕೂತಿದ್ದರು.

ಅಡುಗೆಮನೆಗೆ ಹೋದೆ. ಅವರ ಹೆಂಡತಿ, ನಾನು ವೈನಿ ಎಂದು ಕರೆಯುವವರು, ರೊಟ್ಟಿ ಬಡಿಯುತ್ತಿದ್ದರು. ಪ್ರಿಂಟರಿನ ವೈರು ಹಿಟ್ಟಿನ ಡಬ್ಬಿಯ ಮೇಲೆ ಬಿದ್ದಿತ್ತು.

"ವೈನಿ, ವೈರ್ ಉಚ್ಚಿ ಬಿದ್ದೈತ್ರೀ."

"ಉಚ್ಚಿಲ್ಲ. ನಾನ ಕಿತ್ತೀನಿ."

"ಯಾಕ್ರಿ?"

"ಮೂರ ದಿನದಿಂದ ಚೀಟಿ ಕಳಸಾಕತ್ತಾರ. ಬಾಯಿ ಇಲ್ಲೇನ ಅವರಿಗೆ? ಬಾಯಿಲೆ ಹೇಳ್ಲಿ."

ನಾನು ವೈರಿಗೆ ಕೈ ಹಾಕಿದೆ. ವೈನಿ ಲಟ್ಟಣಿಗೆ ಎತ್ತಿಕೊಂಡರು. ರೊಟ್ಟಿ ಬಡಿಯುವಲ್ಲಿ ಲಟ್ಟಣಿಗೆಗೆ ಏನು ಕೆಲಸ ಎಂದು ಯೋಚಿಸಿ ಕೈ ಹಿಂದಕ್ಕೆ ತೆಗೆದುಕೊಂಡೆ.

ಹೊರಗೆ ಬಂದು ವಿಷಯ ಹೇಳಿದೆ. ಮಾಲೀಕರು ಕಂಪ್ಯೂಟರನ್ನೇ ನೋಡುತ್ತ, "ಮೂರ ರೊಟ್ಟಿ ಊಟ, ಒಂದಕ್ಕ ಮೊಸರು ಜಾಸ್ತಿ ಅಂತ ಹೇಳ್ರಿ ಅಕಿಗೆ" ಎಂದರು. ಒಳಗೆ ಹೋಗಿ ಹೇಳಿದೆ. "ಬದ್ನೀಕಾಯಿ ಮುಗೀತು, ಹೆಸರಕಾಳು ನಡೀತೈತೇನ ಕೇಳ್ರಿ ಅವರಿಗೆ" ಎಂದರು ವೈನಿ. ಹೊರಗೆ ಬಂದು ಕೇಳಿದೆ. ಮುಕ್ಕಾಲು ತಾಸು ನಾನೇ ಪ್ರಿಂಟರ್ ಆಗಿ ಒಳಗೆ ಹೊರಗೆ ಓಡಾಡಿದೆ. ನಡುವೆ ಒಬ್ಬ ಗಿರಾಕಿ ನನ್ನನ್ನೇ ಹಿಡಿದು ಇನ್ನೊಂದು ರೊಟ್ಟಿ ಕೇಳಿದ, ತಂದುಕೊಟ್ಟೆ. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ನನ್ನ ತಾಳ್ಮೆ ಹರಿಯಿತು.

"ನನ್ನ ಮಗಳ ಗ್ಯಾದರಿಂಗ್ ಐತ್ರಿ! ನಾ ಹೊಂಟೆ! ನೀವ ಹೇಳ್ಕೋರಿ!" ಎಂದು ಕೂಗಿ ಚೀಲ ಹೆಗಲಿಗೇರಿಸಿದೆ.

ಮಾಲೀಕರು ಹನ್ನೆರಡು ಗಿರಾಕಿಗಳ ಮುಖ ನೋಡಿದರು. ಎದ್ದರು. ಹತ್ತು ಹೆಜ್ಜೆ ನಡೆದು, ಅಡುಗೆಮನೆಯ ಬಾಗಿಲಲ್ಲಿ ತಲೆ ಮಾತ್ರ ಒಳಗೆ ಹಾಕಿ, ಸಣ್ಣ ದನಿಯಲ್ಲಿ, "ಉಪ್ಪಿನಕಾಯಿ ಎಲ್ಲಿಟ್ಟೀ?" ಎಂದರು.

ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ನನ್ನ ಕಡೆ ತಿರುಗಿ ಹೇಳಿದರು, "ಕನೆಕ್ಷನ್ ಬಂತು. ಈಗ ವೈರ್ ಹಾಕ್ರಿ."

೩. ಅಟ್ಟದ ಮೇಲೆ

ಸೀದಾ ರೋಣಕ್ಕೆ ಬಂದಿದ್ದರೆ ನಾಲ್ಕಕ್ಕೇ ಮನೆಯಲ್ಲಿರುತ್ತಿದ್ದೆ. ಮೆಣಸಗಿಯ ಗೊಬ್ಬರದ ಅಂಗಡಿಯವರು "ಹತ್ತ ಮಿನಿಟಿಂದು ಕೆಲಸ" ಎಂದರು. ನಾನು ನಂಬಿದೆ. ಈ ಕಸುಬಿನಲ್ಲಿ ಇಷ್ಟು ವರ್ಷ ಕಳೆದರೂ ಹತ್ತು ಮಿನಿಟನ್ನು ನಂಬುವ ಚಟ ನನ್ನನ್ನು ಬಿಟ್ಟಿಲ್ಲ.

ಕಂಪ್ಯೂಟರ್ ಟೇಬಲ್ಲಿನ ಮೇಲಿತ್ತು, ಪ್ರಿಂಟರ್ ಕಾಣಲಿಲ್ಲ. ಅಂಗಡಿಯವರು ಮೇಲೆ ಬೆರಳು ತೋರಿಸಿದರು. ಅಟ್ಟದ ಮೇಲೆ, ಜಂತಿಗೆ ತಗಲುವಷ್ಟು ಎತ್ತರದಲ್ಲಿ, ಪ್ಲಾಸ್ಟಿಕ್ ಚೀಲ ಹೊದ್ದು ಕೂತಿತ್ತು. ಅಮಾವಾಸ್ಯೆಗೆ ಅಂಗಡಿ ತೊಳೆದಾಗ ಏರಿಸಿದ್ದಂತೆ.

"ಅಲ್ಲಿ ಯಾಕ್ರಿ?"

"ಹೊಳಿ ಬಂದ್ರ?"

"ಇಂಥಾ ಥಂಡಿಯಾಗ ಹೊಳಿ ಎಲ್ಲಿಂದ್ರಿ ಬರತೈತಿ?"

"ಹ್ವಾದ ಸಲ ನನಗ ಕೇಳಿ ಬಂದಿತ್ತೇನು?"

ನಗಲು ಹೋದವನು ಗೋಡೆ ನೋಡಿದೆ. ಮಲಪ್ರಭೆ ಒಮ್ಮೆ ಅವರ ಅಂಗಡಿಯ ಅರ್ಧ ಗೋಡೆಯವರೆಗೆ ಬಂದು ಹೋಗಿದ್ದಾಳೆ. ಆ ಗುರುತು ಸುಣ್ಣದ ಮೇಲೆ ಈಗಲೂ ಕಾಣುತ್ತದೆ. ಅವರ ಭಯ ಖರೇನೇ. ಏಣಿ ಹತ್ತಿದೆ. ವೈರು ಅಟ್ಟದವರೆಗೆ ಮುಟ್ಟದೆ ಗಾಳಿಯಲ್ಲಿ ತೂಗಾಡುತ್ತಿತ್ತು. ಎಷ್ಟು ಹೇಳಿದರೂ ಪ್ರಿಂಟರ್ ಕೆಳಗಿಳಿಸಲು ಅವರು ಒಪ್ಪಲಿಲ್ಲ. ಚೀಲದಲ್ಲಿದ್ದ ಇನ್ನೊಂದು ತುಂಡು ಜೋಡಿಸಿ, ಇಳಿದು, ಪರೀಕ್ಷೆಗೆಂದು ಒಂದು ಬಿಲ್ಲು ಹೊಡೆದೆ. ಅದು ಅಟ್ಟದಿಂದ ತೇಲುತ್ತ ಬಂದು ಒಬ್ಬ ರೈತನ ರುಮಾಲಿನ ಮೇಲೆ ಇಳಿಯಿತು.

ಹೊರಡುವಾಗ ಕೇಳದೆ ಇರಲಾಗಲಿಲ್ಲ. "ಅಲ್ರಿ, ಹೊಳಿ ಬಂದ್ರ ಕೆಳಗಿನ ಕಂಪ್ಯೂಟರ್ ಮುಳಗತೈತಲ್ರಿ?"

"ಮುಳಗ್ಲಿ ಬಿಡ್ರಿ. ಅದು ಹಳೇದು."

೪. ಸ್ವಾಗತ ಭಾಷಣ

ನಾಲ್ಕು ಇಪ್ಪತ್ತು. ಬೈಕ್ ಓಡಿಸುತ್ತಿದ್ದೆನೋ ಹಾರಿಸುತ್ತಿದ್ದೆನೋ ನನಗೇ ಗೊತ್ತಿಲ್ಲ. ಕಿಸೆಯಲ್ಲಿ ಫೋನು ಒದ್ದಾಡುತ್ತಲೇ ಇತ್ತು. ರಸ್ತೆ ಪಕ್ಕ ನಿಲ್ಲಿಸಿ ಫೋನ್ ಬಂದ್ ಮಾಡಿದೆ. ಈ ಕೆಲಸಕ್ಕೆ ಬಂದ ಮೇಲೆ ಹಗಲು ಹೊತ್ತಿನಲ್ಲಿ ಅದೇ ಮೊದಲು.

ಶಾಲೆಯ ಅಂಗಳಕ್ಕೆ ಕಾಲಿಟ್ಟಾಗ ಐದಕ್ಕೆ ಎರಡು ಮಿನಿಟು. ಹೆಂಡತಿ ಮೂರನೇ ಸಾಲಿನಲ್ಲಿ ಜಾಗ ಹಿಡಿದಿದ್ದಳು. ನನ್ನನ್ನು ನೋಡಿ, ಇವನು ನಮ್ಮವನೇ ಹೌದೋ ಅಲ್ಲವೋ ಎಂಬ ಹಾಗೆ ಇನ್ನೊಮ್ಮೆ ನೋಡಿದಳು. ಮಗಳು ಸಣ್ಣ ಇಳಕಲ್ಲ ಸೀರೆಯುಟ್ಟು ವೇದಿಕೆಗೆ ಬಂದಳು. ಜನರ ಮೇಲೆ ಕಣ್ಣಾಡಿಸಿದಳು. ನಾನು ಅವಳಿಗೆ ಕಂಡೆ. ಮುಖ ಅರಳಿತು. ನನಗೆ ಅಷ್ಟೇ ಸಾಕಾಗಿತ್ತು.

"ಎಲ್ಲರಿಗೂ ನಮಸ್ಕಾರ" ಎಂದಳು. ಮೈಕು ಗೊರ್ ಎಂದು ಸತ್ತಿತು.

ಮೈಕಿನವನು ವೈರು ಅಲ್ಲಾಡಿಸಿದ, ಡಬ್ಬಿಗೆ ಎರಡು ಏಟು ಕೊಟ್ಟ. ಏನೂ ಆಗಲಿಲ್ಲ. ಹೆಡ್‌ಮಾಸ್ತರರು ಜನರನ್ನು ನೋಡುತ್ತ ನೋಡುತ್ತ ನನ್ನ ಮೇಲೆ ಕಣ್ಣು ನಿಲ್ಲಿಸಿದರು. "ಅರೆ, ಪ್ರಿಂಟರ್ ಸರ್ ಇಲ್ಲೇ ಅದಾರಲ್ಲ! ಬರ್ರಿ, ಬರ್ರಿ, ಒಂದ ಸ್ವಲ್ಪ ನೋಡ್ರಿ!"

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ನಾಚಿಕೆಯಾಗುವುದು ಇದಕ್ಕೇ: ಅವರು ಕರೆಯುವ ಮೊದಲೇ ನನ್ನ ಕೈ ಸ್ಕ್ರೂಡ್ರೈವರ್ ಹುಡುಕುತ್ತಿತ್ತು. ಅರ್ಧ ಎದ್ದೂಬಿಟ್ಟಿದ್ದೆ.

ಮಗಳು ಹೆಡ್‌ಮಾಸ್ತರರ ಅಂಗಿ ಜಗ್ಗಿದಳು. ಮೈಕು ಸತ್ತಿದೆಯಲ್ಲ, ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡು, ಅದನ್ನು ಕೈಯಲ್ಲೇ ಹಿಡಿದುಕೊಂಡು ಗುಟ್ಟಾಗಿ ಹೇಳತೊಡಗಿದಳು. ಅಷ್ಟರಲ್ಲಿ ಮೈಕಿನವನ ಮೂರನೇ ಏಟು ಕೆಲಸ ಮಾಡಿತು. ಗುಟ್ಟು ನಾಲ್ಕೂ ದಿಕ್ಕಿನ ಸ್ಪೀಕರಿನಿಂದ ಇಡೀ ಓಣಿಗೆ ಕೇಳಿಸಿತು.

"ಸರ್, ನಮ್ಮಪ್ಪನ್ನ ಕರೀಬ್ಯಾಡ್ರಿ. ಅವ ಮುಟ್ಟಿದ್ರ ಇವತ್ತ ಮುಗಿಯಂಗಿಲ್ಲ. ದೀಪಾವಳಿಗೆ ನಮ್ಮನಿ ಮಿಕ್ಸರ್ ಬಿಚ್ಚ್ಯಾನ, ಇನ್ನಾ ಜೋಡಿಸಿಲ್ಲ. ಅವ್ವ ದಿನಾ ಕಲ್ಲಾಗ ಚಟ್ನಿ ಅರೀತಾಳ."

ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಪಕ್ಕದಲ್ಲೇ ಇದ್ದಳು. ಮಗಳು ಒಂದು ಗಳಿಗೆ ಗಾಬರಿಯಾದಳು. ಆಮೇಲೆ ಮೈಕನ್ನು ಬಾಯಿಗೆ ಸರಿಯಾಗಿ ಹಿಡಿದು, "ಅಪ್ಪಾ, ನೀ ಕುಂದ್ರು. ನೋಡಾಕ ಬಂದೀಯಲ್ಲ, ನೋಡು" ಎಂದಳು.

ಕೂತೆ. ಚೀಟಿ ನೋಡದೆ ಒಂದೂ ಹೆಸರು ತಪ್ಪದೆ ಭಾಷಣ ಮುಗಿಸಿದಳು. ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಕಾರ್ಯಕ್ರಮದ ಕೊನೆಗೆ ವಂದನಾರ್ಪಣೆಗೆ ನಿಂತ ಮಾಸ್ತರರು ಅತಿಥಿಗಳಿಗೆ, ಪಾಲಕರಿಗೆ, ಪೆಂಡಾಲಿನವರಿಗೆ ವಂದನೆ ಸಲ್ಲಿಸಿ, ಕೈಯಲ್ಲಿದ್ದ ಹಾಳೆ ಮಡಚಿ, ನೆನಪಾದವರಂತೆ ಮತ್ತೆ ಮೈಕಿನ ಹತ್ತಿರ ಬಂದರು.

"ಕಡೀದಾಗಿ, ಮೈಕಿಗೆ ಕೈ ಹಚ್ಚದ ಸಹಕರಿಸಿದ ಪ್ರಿಂಟರ್ ಸರ್ ಅವರಿಗೂ ನಮ್ಮ ಶಾಲೆಯ ಪರವಾಗಿ ಅನಂತ ವಂದನೆಗಳು."