ಖಾತ್ರಿ ಮಾಡುವ ಅತ್ತೆ

ನಮ್ಮ ಸೋದರತ್ತೆಗೆ ಮೊಬೈಲ್ ಕೊಡಿಸಿದವನ ಕೈ ಮುರಿಯಬೇಕು! ಕೈ ನನ್ನದೇ, ಏನು ಮಾಡಲಿ? ಮುರಿದುಕೊಂಡರೆ ಭಾನುವಾರ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸುತ್ತುವವರು ಯಾರು?

ಮೊಬೈಲ್ ಅಷ್ಟೇ ಅಲ್ಲ, ವಾಟ್ಸಾಪಿನಲ್ಲಿ 'ಹಿಂಗೂ ಐತಿ' ಎಂಬ ಗ್ರೂಪನ್ನೂ ನಾನೇ ಮಾಡಿಕೊಟ್ಟೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯ ಮೂವತ್ತು ಜನ. ಹೆಚ್ಚಿನವರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮನೆಯಲ್ಲಿ, ಓಣಿಯಲ್ಲಿ ಕಂಡ ಸೋಜಿಗವನ್ನು ಅಲ್ಲಿ ಬರೆಯುತ್ತಾರೆ. ಓದಿ, ನಗುವ ಮುಖವೊಂದನ್ನು ಒತ್ತಿ, ಒಲೆಯ ಮೇಲಿನ ಸಾರು ನೋಡಿಕೊಳ್ಳಬೇಕಪ್ಪ! ಲೋಕವೆಲ್ಲ ಮಾಡುವುದು ಅದನ್ನೇ ಅಲ್ಲವೇ? ನಮ್ಮತ್ತೆಗೆ ಅದು ಸಾಲದು.

"ಫೋನಿನ್ಯಾಗ ಬಂದಿದ್ದೆಲ್ಲಾ ನಂಬಾಕ ನಾ ಏನು ಹುಚ್ಚಿ ಅದೀನೇನಲೇ? ನಡಿ, ಖಾತ್ರಿ ಮಾಡ್ಕೊಂಡು ಬರಾಣು."

ವಾರವೆಲ್ಲ ಕಾರ್ಖಾನೆಯಲ್ಲಿ ದುಡಿದು ಸಿಗುವ ಒಂದೇ ಒಂದು ರಜೆ ನನ್ನದು. ಅದು ಖಾತ್ರಿಗೆ ಹೋಗುತ್ತದೆ. ಹೋದಲ್ಲೆಲ್ಲ ಯಾರದೋ ಮಾನವೂ ಹೋಗುತ್ತದೆ.

ಬಂಡ್ರಿಯ ಹೆಂಗಸೊಬ್ಬಳು ತನ್ನ ಕರಿ ಕೋಳಿಯ ಪ್ರತಿ ತತ್ತಿಯಲ್ಲೂ ಎರಡೆರಡು ಹಳದಿ ಇರುತ್ತವೆ ಎಂದು ಬರೆದಳು. ಅತ್ತೆ ಬಟ್ಟಲು ಸಮೇತ ಹಾಜರ್! ಮೂರು ತತ್ತಿ ಒಡೆಸಿದಳು. ಮೂರರಲ್ಲೂ ಒಂದೊಂದೇ ಹಳದಿ.

"ನಿಮ್ಮನ್ನ ನೋಡಿ ಕೋಳಿ ಹೆದರೈತ್ರಿ" ಎಂದಳು ಪಾಪದ ಹೆಂಗಸು.

"ಇವತ್ತು ಹೆದರಿದ್ರ ನಿನ್ನೆ ಇಟ್ಟ ತತ್ತಿ ಬದಲಾಗತೈತೇನ್ರೀ?"

ಆಕೆ ಅದೇ ತತ್ತಿಗಳಿಂದ ಆಮ್ಲೆಟ್ ಮಾಡಿ ಬಡಿಸಿದಳು. ಅತ್ತೆ ಚಪ್ಪರಿಸಿಕೊಂಡು ತಿಂದು, ಕೈ ತೊಳೆಯುವ ಮೊದಲೇ ಗ್ರೂಪಿನಲ್ಲಿ 'ಸುಳ್ಳು' ಎಂದು ಹಾಕಿದಳು. ಉಂಡ ಮನೆಯ ಜಂತಿ ಎಣಿಸುವುದು ಎಂದರೆ ಇದೇ ಅಲ್ಲವೇ? ನಾನು ತಲೆ ಎತ್ತದೆ ಬೈಕ್ ಶುರು ಮಾಡಿದೆ.

ಹಂಪಿಯಲ್ಲಿ ಚಹಾ ಅಂಗಡಿ ಇಟ್ಟವರೊಬ್ಬರು, ಅಲ್ಲಿನ ಕೋತಿ ಕಿತ್ತುಕೊಂಡ ಕನ್ನಡಕವನ್ನು ಬಾಳೆಹಣ್ಣು ಕೊಟ್ಟರೆ ವಾಪಸು ಕೊಡುತ್ತದೆ ಎಂದು ಬರೆದರು. ಸರಿ, ಖಾತ್ರಿಗೆ ಕನ್ನಡಕ ಬೇಕಲ್ಲ? ನನ್ನ ಮೂಗಿನ ಮೇಲಿದ್ದುದನ್ನೇ ಕಿತ್ತು ಬಂಡೆಯ ಮೇಲಿಟ್ಟಳು! ಕೋತಿ ಕನ್ನಡಕ ಎತ್ತಿಕೊಂಡಿತು, ಬಾಳೆಹಣ್ಣನ್ನೂ ಇಸಿದುಕೊಂಡಿತು, ಎರಡನ್ನೂ ಹಿಡಿದು ಗುಡ್ಡ ಹತ್ತಿತು. ನಾನು ಕಿರುಚಾಡಿದೆ.

"ಸುಮ್ನಿರಲೇ. ಸುಳ್ಳು ಅಂತ ಗೊತ್ತಾತಲ್ಲ, ಅದ ದೊಡ್ಡದು!"

ಯಾರಿಗೆ ದೊಡ್ಡದು? ಎದುರಿಗೆ ಬರುತ್ತಿರುವುದು ಲಾರಿಯೋ ಎಮ್ಮೆಯೋ ತಿಳಿಯದೆ ಹೊಸಪೇಟೆಯವರೆಗೆ ಬೈಕ್ ಓಡಿಸಿದವನು ನಾನು!

ಹೀಗೆ ಮಾನ ಕಳೆದುಕೊಂಡವರು ಒಬ್ಬೊಬ್ಬರೇ ಗ್ರೂಪ್ ಬಿಟ್ಟರು. ಮೂವತ್ತಿದ್ದವರು ಹದಿನಾಲ್ಕಾದರು. ರೇಡಿಯೊ ಹಚ್ಚಿದರೆ ಮಾತ್ರ ತನ್ನ ಎಮ್ಮೆ ಹಾಲು ಕೊಡುತ್ತದೆ ಎಂದು ಬರೆದು ಸಿಕ್ಕಿಬಿದ್ದ ಪಾಪಿನಾಯಕನಹಳ್ಳಿಯ ಮುದುಕ ಮಾತ್ರ ಬಿಡಲಿಲ್ಲ. ಹೊಂಚು ಹಾಕಿ ಕೂತಿದ್ದ. ಒಂದು ದಿನ ಧ್ವನಿ ಸಂದೇಶ ಬಂತು: "ನಮ್ಮನ್ನೆಲ್ಲಾ ಬತ್ಲೆ ಮಾಡಿದ್ರಿ. ಯಶವಂತನಗರದಾಕಿನ್ನ ಯಾಕ ಬಿಟ್ರಿ? ಆಕಿ ಬೆಕ್ಕಿಂದೂ ಖಾತ್ರಿ ಆಗ್ಲಿ!"

ಯಶವಂತನಗರದಾಕೆಯ ಬೆಕ್ಕು ಗ್ರೂಪಿನ ಕಣ್ಮಣಿ. ಗಣಿ ಕಂಪನಿಯ ಬಸ್ಸುಗಳು ಎಷ್ಟೇ ಬರಲಿ, ಆಕೆಯ ಗಂಡ ಬರುವ ಬಸ್ಸಿನ ಹಾರ್ನ್ ಮಾತ್ರ ಅದಕ್ಕೆ ಗೊತ್ತಾಗುತ್ತದಂತೆ. ಕೇಳಿದ ಕೂಡಲೇ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತದಂತೆ. ದಿನವೂ ಆಕೆ 'ಬೆಕ್ಕು ಎದ್ದಿತು' ಎಂದು ಬರೆಯುವಳು. 'ಯಜಮಾನರು ಬಂದ್ರಾ?' ಎಂದು ಎಲ್ಲರೂ ಕೇಳುವರು. 'ಬಂದ್ರು' ಎನ್ನುವಳು. ಖಾತ್ರಿಯ ಮಾತು ಬಂದದ್ದೇ ಆಕೆ ಬರೆದದ್ದು ಒಂದೇ ಸಾಲು: 'ದಯವಿಟ್ಟು ಬರಬ್ಯಾಡ್ರಿ.'

ನನಗೆ ಸಿಟ್ಟು ನೆತ್ತಿಗೇರಿತು. "ಅತ್ತೆ, ಬ್ಯಾಡ ಅಂದಾಳಲ್ಲ! ಒಂದು ಹೆಣ್ಮಗಳ ಮಾನ ಕಳದು ನಿನಗೇನು ಸಿಗತೈತಿ? ಒಂದು ಬೆಕ್ಕು ಸುಳ್ಳಾದ್ರ ಯಾರ ಗಂಟು ಹೋಗತೈತಿ?"

"ಹೋಗಲಿಲ್ಲಾಂದ್ರ ಆಕಿ ಸುಳ್ಳಿ ಅಂತ ಆ ಮುದುಕ ಊರೆಲ್ಲಾ ಸಾರ್ತಾನ. ಖರೆ ಇದ್ರ ಆಕಿಗೇ ಚೊಲೋ. ಗಾಡಿ ತಗಿ."

ದಾರಿಯುದ್ದಕ್ಕೂ ಬೈದೆ. ಸಂಡೂರು ದಾಟುವಷ್ಟರಲ್ಲಿ ಗಣಿ ಲಾರಿಗಳ ಧೂಳಿಗೆ ನನ್ನ ಬಿಳಿ ಅಂಗಿ ಕೆಂಪಾಗಿತ್ತು, ಬೈಗುಳ ಮುಗಿದಿತ್ತು.

ಸಣ್ಣ ಮನೆ. ನಲವತ್ತೈದರ ಆಸುಪಾಸಿನ ಹೆಂಗಸು. ನಮ್ಮನ್ನು ಕಂಡು ಮುಖ ಬಾಡಿದರೂ "ಬರ್ರಿ, ಕುಂದ್ರಿ" ಎಂದಳು. ಚಹಾ ಕೊಟ್ಟಳು. ಬೂದಿ ಬಣ್ಣದ ಬೆಕ್ಕೊಂದು ಮೂಲೆಯ ಗೋಣಿಚೀಲದ ಮೇಲೆ ಮಲಗಿತ್ತು. ಅತ್ತೆ ಅದರ ಮೇಲಿಟ್ಟ ಕಣ್ಣು ಕೀಳಲಿಲ್ಲ.

ಒಂದು ಬಸ್ಸು ಹಾರ್ನ್ ಹೊಡೆದು ಹೋಯಿತು. ಏನೂ ಆಗಲಿಲ್ಲ. ಇನ್ನೊಂದು ಹೋಯಿತು. ಮೂರನೆಯದು ಬಂತು. ಬೆಕ್ಕು ಕಿವಿ ಕೂಡ ಅಲ್ಲಾಡಿಸಲಿಲ್ಲ. ಎದ್ದವಳು ಆಕೆ! ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಹೋಗಿ ನಿಂತಳು. ಬಸ್ಸಿನಿಂದ ಇಳಿದವರು ಬುತ್ತಿ ಡಬ್ಬಿ ಹಿಡಿದು ತಂತಮ್ಮ ಮನೆ ಸೇರುವವರೆಗೂ ನಿಂತೇ ಇದ್ದಳು. ಆಮೇಲೆ ಒಳಗೆ ಬಂದು ನೆಲ ನೋಡುತ್ತ ಕೂತಳು.

"ಅವ್ರು ತೀರ್ಕೊಂಡು ಎರಡು ವರ್ಷಾತ್ರಿ. ಹಾರ್ನ್ ಕೇಳಿದ್ರ ಕಾಲು ತಾವ ಏಳತಾವ. ನಾನ ಹೋಗಿ ನಿಲ್ತೀನಿ ಅಂತ ಹೆಂಗ ಬರೀಲ್ರಿ? ಅದಕ್ಕ ಬೆಕ್ಕು ಅಂತ ಬರದೆ. ನೀವೆಲ್ಲಾ 'ಬಂದ್ರಾ' ಅಂತ ಕೇಳ್ತಿದ್ರಿ. 'ಬಂದ್ರು' ಅಂತ ಬರದ್ರ ಭಾಳ ಚೊಲೋ ಅನಸ್ತಿತ್ತು. ಇರಲಿ ಬಿಡ್ರಿ. ಸುಳ್ಳು ಅಂತ ಹಾಕಿಬಿಡ್ರಿ."

ಅತ್ತೆ ಆರಿಹೋದ ಚಹಾ ಕುಡಿದಳು. ಆಕೆಯ ಮೊಣಕಾಲ ಮೇಲೆ ಕೈ ಇಟ್ಟು ಬಹಳ ಹೊತ್ತು ಕೂತಳು. ಹೊರಗೆ ಬಂದು ಬೈಕಿನ ಪಕ್ಕ ನಿಂತು, ಫೋನು ತೆಗೆದು ಒಂದೊಂದೇ ಅಕ್ಷರ ಒತ್ತಿದಳು: 'ಬಸ್ಸು ಬಂತು. ಬೆಕ್ಕು ಎದ್ದು ಹೋಯಿತು. ನಾನು ಕಣ್ಣಾರೆ ಕಂಡೆ.'

ನಿಮಿಷದೊಳಗೆ ಪಾಪಿನಾಯಕನಹಳ್ಳಿಯಿಂದ ಉತ್ತರ ಬಂತು: 'ನಿಮ್ಮ ಜೋಡಿ ಬಂದ ಅಳಿಯ ಹೇಳ್ಲಿ.'

ನಾನು ಫೋನು ತೆಗೆದೆ. 'ಹೌದ್ರಿ. ಹಾರ್ನ್ ಕೇಳಿದ್ದೇ ತಡ, ಬೆಕ್ಕು ಬಾಗಿಲಿಗೆ ಓಡಿತು' ಎಂದು ಬರೆದೆ. ಕಳಿಸಬೇಕು ಎನ್ನುವಷ್ಟರಲ್ಲಿ ಅತ್ತೆ ನನ್ನ ತೋಳು ಹಿಡಿದಳು. ಅವಳ ಕೆನ್ನೆಯ ಮೇಲಿನ ಕೆಂಪು ಧೂಳಿನಲ್ಲಿ ಕಣ್ಣೀರು ಎರಡು ಗೆರೆ ಎಳೆದಿತ್ತು.

"ಬಣ್ಣಾನೂ ಬರಿಯಲೇ. ಬೂದಿ ಬಣ್ಣದ್ದು ಅಂತ. ಇಲ್ಲಾಂದ್ರ ಆ ಮುದುಕ ನಂಬಂಗಿಲ್ಲ."